ಅಂಚಕ್ಕನ ಸೂಜಿ

ಅಂಚಕ್ಕ ನೇರವಾಗಿ ನಡೆದದ್ದನ್ನು ಕಂಡವರಿಲ್ಲ. ದೊಡ್ಡದೊಂದು ಹಾಸಿಗೆ ಕಾರ್ಖಾನೆಯಲ್ಲಿ, ಮೇಜಿನ ಸುತ್ತ ಸರಿಯುವ ಹೊಲಿಗೆಯಂತ್ರದ ಜೊತೆಜೊತೆಗೆ ತಾನೂ ಹೆಜ್ಜೆ ಹಾಕುತ್ತ, ಸ್ಪ್ರಿಂಗು, ಫೋಮು, ಮೇಲುಬಟ್ಟೆಗಳನ್ನೆಲ್ಲ ಒಂದೇ ಅಂಚಿನೊಳಗೆ ಬಂಧಿಸುವ ಕಾಯಕದಲ್ಲಿ ಆಯುಷ್ಯದ ಬಹುಪಾಲನ್ನು ಸವೆಸಿದ ಆಕೆಗೆ ಪ್ರದಕ್ಷಿಣೆಯೇ ನಡಿಗೆಯಾಗಿಬಿಟ್ಟಿತ್ತು. ಮಗಳನ್ನು ಬೈಯುವಾಗಲೂ ಊಟದ ಮೇಜನ್ನು ಸುತ್ತುತ್ತಲೇ ಬೈಯುವಳು. ಬೈಗುಳ ಮುಗಿಯುವ ಹೊತ್ತಿಗೆ ಮಗಳ ಕತ್ತು ನೋಯುತ್ತಿತ್ತು.

ಬೇಸಿಗೆಯಲ್ಲೂ ಕಳಚದ ಬೂದುಬಣ್ಣದ ಕೋಟು, ಅದರ ತುಂಬ ದಾರದ ಎಳೆಗಳು. "ನೋಡೋಣ, ನೋಡೋಣ" ಎಂಬುದು ಆಕೆಯ ಮಾತಿನ ಪಲ್ಲವಿ. ಮದುವೆಯಾಗುತ್ತೀಯಾ ಎಂದು ಕೇಳಿದಾಗಲೂ ಅದನ್ನೇ ಹೇಳಿದಳೆಂದು ಗಂಡ ಇಂದಿಗೂ ಗೊಣಗುತ್ತಾನೆ. ಅದು ಒಪ್ಪಿಗೆಯೋ ಅಲ್ಲವೋ ಅವನಿಗಿನ್ನೂ ಖಚಿತವಿಲ್ಲ.

ಅಮ್ಮ ಹೊಲಿದದ್ದನ್ನು ಮಾರುವವಳು ಮಗಳು. ಅದೇ ಕಂಪನಿಯ ಮಳಿಗೆಯಲ್ಲಿ ಗಿರಾಕಿಗಳ ಚಪ್ಪಲಿ ಬಿಡಿಸಿ, ಹಾಸಿಗೆಯ ಮೇಲೆ ಮಲಗಿಸಿ, ಅವರ ಸೊಂಟನೋವಿನ ಪುರಾಣವನ್ನೆಲ್ಲ ಕೇಳುವುದು ಅವಳ ಕೆಲಸ. ಅದು ಕಾಯಂ ಆಗಬೇಕಾದರೆ ದೊಡ್ಡ ಆರ್ಡರೊಂದು ಬೇಕಿತ್ತು. ಹಾಗೂ ಹೀಗೂ ಒಂದು ಹಾಸ್ಟೆಲಿನದು ಸಿಕ್ಕಿತು. ಹಾಸಿಗೆಗಳು ಒಪ್ಪಿದ ದಿನ ಸಂಜೆಯೊಳಗೆ ತಲುಪದಿದ್ದರೆ ಅದು ಬೇರೆ ಕಂಪನಿಯ ಪಾಲು.

ಅಂದೇ ಅಂಚಕ್ಕನ ಸೂಜಿ ಮುರಿಯಿತು. ಮುರಿದ ಚೂರುಗಳನ್ನೆಲ್ಲ ಹುಡುಕಿ ಜೋಡಿಸಿ ತೋರಿಸಿದ ಮೇಲೆಯೇ ಹೊಸ ಸೂಜಿ ಎಂಬುದು ಅಲ್ಲಿನ ಕಟ್ಟಳೆ. ಎಂದೂ ಅದನ್ನು ಮೀರದ ಅಂಚಕ್ಕ, ಮಗಳ ಅವಸರ ನೆನೆದು, ಹುಡುಕಾಟವನ್ನು ಆಮೇಲಕ್ಕಿಟ್ಟು ತನ್ನ ಬಳಿಯಿದ್ದ ಸೂಜಿಯನ್ನೇ ಹಾಕಿ ಹೊಲಿದುಬಿಟ್ಟಳು. ಕೊನೆಯ ಹಾಸಿಗೆಯೂ ಲಾರಿ ಏರಿದ ಮೇಲೆ ಚೂರುಗಳನ್ನು ಜೋಡಿಸಿದರೆ ಮೊನೆಯೇ ಇಲ್ಲ! ಬರೀ ಫೋಮಿನ ಹಾಸಿಗೆಗಳಾಗಿದ್ದರೆ ಲೋಹ ಪತ್ತೆಹಚ್ಚುವ ಯಂತ್ರ ಕೂಗಿ ಹೇಳುತ್ತಿತ್ತು. ಇವು ಸ್ಪ್ರಿಂಗಿನವು, ಒಳಗೆಲ್ಲ ಲೋಹವೇ.

"ಯಾರಿಗೆ ಗೊತ್ತಾಗುತ್ತೆ, ಬಿಡಕ್ಕಾ," ಎಂದ ಮೇಲ್ವಿಚಾರಕ.

"ಮಲಗಿದೋರಿಗೆ ಗೊತ್ತಾಗುತ್ತೆ. ಇಳಿಸಿ."

ಫೋನಿನಲ್ಲಿ ಮಗಳು ಅತ್ತಳು. "ಅಮ್ಮಾ, ನನ್ನ ಕೆಲಸ ಹೋಗುತ್ತೆ ಕಣಮ್ಮಾ!"

"ಗೊತ್ತು ಪುಟ್ಟಿ," ಎಂದಷ್ಟೇ ಹೇಳಿ, ಕಣ್ಣೊರೆಸಿಕೊಂಡು, ಅಂಚಕ್ಕ ತಾನೇ ಹೊಲಿದ ಅಂಚುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಸಂಜೆಯಾಯಿತು, ಆರ್ಡರು ಕೈತಪ್ಪಿತು. ಮೊನೆ ಯಾವ ಹಾಸಿಗೆಯಲ್ಲೂ ಇರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ; ಮೊನೆ ಆಕೆಯ ಕೋಟಿನ ತೋಳಿನಲ್ಲೇ ಚುಚ್ಚಿಕೊಂಡು ಕೂತಿತ್ತು.

ಮಗಳೀಗ ಬೇರೊಂದು ಅಂಗಡಿಯಲ್ಲಿ ಕುರ್ಚಿ ಮಾರುತ್ತಾಳೆ. ಬಹುಕಾಲ ತಾಯಿಯೊಡನೆ ಮಾತು ಬಿಟ್ಟಿದ್ದ ಆ ದಿನಗಳಲ್ಲೂ ಗೆಳತಿಯರಿಗೆ ಮಾತ್ರ, "ನಮ್ಮಮ್ಮನ ಜೊತೆ ಏಗೋದು ಕಷ್ಟ ಕಣ್ರೇ. ಆದ್ರೆ ಹಾಸಿಗೆ ತಗೊಳ್ಳೋದಾದ್ರೆ ಅವಳು ಹೊಲಿದಿದ್ದೇ ತಗೊಳ್ಳಿ," ಎನ್ನುತ್ತಿದ್ದಳಂತೆ.

ಲೋಕದಲ್ಲಿ ಇಂಥ ಕೆಲವರಿರುತ್ತಾರೆ. ಅವರನ್ನು ಪ್ರೀತಿಸದೆ ಇರಲಾಗದು, ಅವರೊಡನೆ ಬಾಳುವುದೂ ಸುಲಭವಲ್ಲ. ಹೆಸರು ಗೊತ್ತಿಲ್ಲದ ಯಾರೋ ಎಲ್ಲೋ ಮಗ್ಗುಲು ಬದಲಿಸಿ ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಅದರ ಬೆಲೆಯನ್ನು ಇವರ ಮನೆಯವರು ತೆತ್ತಿರುತ್ತಾರೆ.