ಕೂತು ಮಾಡುವ ಕೆಲಸ

ಹತ್ತಿಯುಂಡೆ ನೀಲಿಯಾಯಿತು, ಪೂರ್ತಿಯಲ್ಲ, ಅಂಚಿಗೆ ಒಂದಿಷ್ಟು, ಸ್ಪಿರಿಟ್ಟಿನಲ್ಲಿ ಅದ್ದಿ ಮೊಣಕೈ ಮಡಿಕೆ ಒರೆಸಿದ ನರ್ಸು ಮಲರ್‌ಕೊಡಿ ಅದನ್ನು ನೋಡದೆಯೇ ಬಕೆಟ್ಟಿಗೆ ಎಸೆದಳು, ಸೂಜಿ ಹೋಯಿತು, ರಕ್ತ ಬಂತು, ಕೆಂಪಗೇ ಬಂತು, ಸದ್ಯ — ಈಗ ಗ್ಲೂಕೋಸ್ ನೀರು, ಒಂದೇ ಗುಟುಕಿಗೆ ಕುಡಿ ಮಾ, ವಾಂತಿ ಗೀಂತಿ ಆದ್ರೆ ಎಲ್ಲಾ ಮೊದಲಿಂದ, ಎರಡು ಗಂಟೆ ಬೆಂಚಲ್ಲೇ ಕೂರು, ಎಲ್ಲೂ ಪೋಗಕೂಡಾದು. ಪೋಗಕೂಡಾದು, ಶೋಭಾರಾಣಿ ನರ್ಸಿನ ಮೂಗುದನಿಯಲ್ಲೇ ಬಾಯಿಯೊಳಗೆ ಅಂದು ನೋಡಿದಳು, ಮೂಗು ಸ್ವಲ್ಪ ಜಾಸ್ತಿಯಾಯಿತು, ಇನ್ನೊಂದು ಸಲ, ಹಾಂ, ಈಗ ಸರಿ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನು ಪ್ರಿನ್ಸಿಪಾಲರ ಎದುರೇ ಕೆಮ್ಮಿ ಸ್ಟೀಲ್ ತಟ್ಟೆ ಗೆದ್ದವಳು, ಆ ತಟ್ಟೆ ಈಗ ಎಮರಾಲ್ಡ್ ಊರಿನ ಮನೆಯಲ್ಲಿ ಕೋಳಿಗೆ ನೀರಿಡಲು, ಕೋಳಿಯಂತೂ ಕೆಮ್ಮುವುದಿಲ್ಲ. ನೀರು ಎಷ್ಟು ಸಿಹಿ, ಒಂದು ತಿಂಗಳಾಯಿತು ನಾಲಿಗೆಗೆ ಸಿಹಿ ಸೋಕಿ, ಕಾಫಿ ಕಹಿ, ಮುದ್ದೆ ಎರಡಿದ್ದದ್ದು ಒಂದು, ಆಲೂಗಡ್ಡೆ ಬೆಳೆಯುವ ಮನೆಯಲ್ಲಿ ಆಲೂಗಡ್ಡೆ ಬಂದ್, ಆಲೂಗಡ್ಡೆಗೆ ಔಷಧಿ, ಅವಳಿಗೆ ಪಥ್ಯ. ಕಳೆದ ತಿಂಗಳು ಗ್ಲೂಕೋಸ್ ಕುಡಿದ ಮೇಲೆ ರಕ್ತದ ಸಕ್ಕರೆ ನೂರ ಎಪ್ಪತ್ತೆಂಟು ಬಂದಿತ್ತು, ನೂರ ನಲವತ್ತರೊಳಗೆ ಇರಬೇಕಂತೆ, ಡಾಕ್ಟರಮ್ಮ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಏಳನೇ ತಿಂಗಳು ಶೋಭಾರಾಣಿ, ಪಥ್ಯಕ್ಕೂ ಇದು ಇಳಿಯಲಿಲ್ಲ ಅಂದರೆ ಇನ್ಸುಲಿನ್, ಮಗುವಿಗೆ ಒಳ್ಳೆಯದಲ್ಲ — ಒಳ್ಳೆಯದಲ್ಲ ಅಂದರೆ ಏನು. ಮನೆಯಲ್ಲಿ ಅತ್ತೆ ಬಂಗಾರಮ್ಮ ಬೆಲ್ಲದ ಡಬ್ಬವನ್ನು ಟ್ರಂಕಿಗೆ ಹಾಕಿ ಬೀಗ ಜಡಿದು, ದಿಟ ಹೇಳವ್ವ, ಕದ್ದು ತಿಂತಿದ್ದೀಯಾ, ಇಲ್ಲ ಅತ್ತೆಮ್ಮಾ, ಅಂಗಾರೆ ರಕ್ತಕ್ಕೆ ಸಕ್ರೆ ಹಾಕ್ದೋರ್ಯಾರು?

ಯಾರು ಹಾಕಿದರು. ಗೋಡೆಯ ತೊಂಬತ್ತೆಂಟರ ಕ್ಯಾಲೆಂಡರಿನಲ್ಲಿ ಗುಂಡು ಮಗು ಹಲ್ಲಿಲ್ಲದೆ ನಗುತ್ತಿದೆ, ಕಿಟಕಿಯಾಚೆ ಊಟಿಯ ಮಂಜು, ಗಂಟೆಯ ಮುಳ್ಳಿಗೂ ಮಂಜು ಹಿಡಿದಂತಿದೆ. ಕೆಟ್ಟವಳಲ್ಲ ಅತ್ತೆ, ಕ್ಯಾರೆಟ್ ಮೂಟೆಯನ್ನು ಅವಳ ತಲೆಯಿಂದ ಇಳಿಸಿದವಳೂ ಅವಳೇ, ಬಸುರಿ ಕಣ್ಲಾ ಮಾದೇವ, ಮೂಟೆ ಎತ್ತುಸ್ಬ್ಯಾಡ, ನೆಳ್ಳಲ್ಲಿ ಕುಂತ್ಕಂಡು ಔಸ್ದಿ ಕಲಸ್ಲಿ, ರಾಣಿ ಹಂಗೆ. ಗಂಡ ಮಹದೇವಸ್ವಾಮಿ ಅವತ್ತೇ ಡ್ರಮ್ಮಿನ ಪಕ್ಕ ಮರದ ಪೆಟ್ಟಿಗೆ ಬೋರಲು ಹಾಕಿ, ಮೇಲೆ ಗೋಣಿಚೀಲ ಮಡಿಸಿ ಇಟ್ಟ, ಚುಚ್ಚದಿರಲಿ ಅಂತ ನಾಲ್ಕು ಮಡಿಕೆ, ಮದುವೆಯಾದ ಮೇಲೆ ಅವನು ಅವಳಿಗಾಗಿ ಮಾಡಿದ ಮೊದಲ ಸಿಂಹಾಸನ. ಡ್ರಮ್ಮಿನ ನೀರಿಗೆ ನೀಲಿ ಪುಡಿ, ಬಿಳಿ ಡಬ್ಬಿಯ ಎಣ್ಣೆಯಂಥದ್ದು ಎರಡು ಮುಚ್ಚಳ, ಕೊಳೆತ ಬೆಳ್ಳುಳ್ಳಿಯ ವಾಸನೆ, ಕೋಲಲ್ಲಿ ಕಲಸಿದರೆ ಗಂಟು ಉಳಿದು ಸ್ಪ್ರೇಯರಿನ ಬಾಯಿ ಕಟ್ಟುತ್ತದೆ, ಕೈಯೇ ವಾಸಿ, ಮೊಣಕೈ ಮುಳುಗುವಷ್ಟು, ಈ ಕೈ ಸೋತರೆ ಆ ಕೈ. ಗಂಡಸರು ಮುಖಕ್ಕೆ ಟವೆಲ್ ಸುತ್ತಿ ಕ್ಯಾನು ಹೊತ್ತು ಗುಡ್ಡದ ಮೇಲಿನ ಹೊಲದ ಪಟ್ಟೆಗೆ ಹತ್ತುತ್ತಾರೆ, ಅವಳಿಗೇಕೆ ಟವೆಲ್, ಅವಳದು ಕೂತು ಮಾಡುವ ಕೆಲಸ. ಮಗು ಒದ್ದಾಗ ಕೈ ನೀರಿನಿಂದ ಎದ್ದು ಹೊಟ್ಟೆಯ ಮೇಲೆ, ಸುಮ್ನಿರೋ, ಆಮೇಲೆ ಮತ್ತೆ ಡ್ರಮ್ಮಿಗೆ. ಇವತ್ತೂ ಬಸ್ಸಿಗೆ ಮುಂಚೆ ಎರಡು ಡ್ರಮ್, ಕಾಲುವೆಯಲ್ಲಿ ಕೈ ಜಾಲಿಸಿದ್ದು, ತಣ್ಣೀರಿಗೆ ಎಲ್ಲಿ ಹೋಗುತ್ತದೆ, ಆ ಹತ್ತಿ —

ಶೋಭಾರಾಣೀ, ಬಾ ಮಾ, ಎರಡು ಗಂಟೆ ಆಯ್ತು. ಖಾಲಿ ಹೊಟ್ಟೆ ರಿಸಲ್ಟ್ ಬಂತು, ಖಾಲಿ ಹೊಟ್ಟೆಗೇ ನೂರ ಇಪ್ಪತ್ತಾರು, ಏನ್ ತಿಂದೆ, ಪೊಯ್ ಹೇಳ್ಬೇಡ, ಸುಳ್ಳು ಬೇಡ. ತಿಂದಿಲ್ಲ ಅಕ್ಕ. ಎಲ್ರೂ ಅದೇ ಹೇಳ್ತಾರೆ, ಜಿಲೇಬಿ ತಾನೇ ನಡ್ಕೊಂಡು ಬಂದು ಬಾಯಿಗೆ ಬಿದ್ದಿರುತ್ತೆ, ಈಗ ಆ ಕೈ ಕೊಡು. ಎಡಗೈ, ರಬ್ಬರು, ಸ್ಪಿರಿಟ್ಟಿನ ತಂಪು, ಹತ್ತಿಯುಂಡೆ ನೀಲಿ, ಈ ಸಲ ಮಲರ್‌ಕೊಡಿ ಎಸೆಯಲಿಲ್ಲ, ಬೆಳಕಿಗೆ ಹಿಡಿದಳು. ಇದೆನ್ನ ಮಾ, ಇಂಕಾ? ಗಿಡಕ್ಕೆ ಹೊಡೆಯೋದು ಅಕ್ಕ, ನಾನು ಕಲಸ್ತೀನಿ. ಕೈಯಲ್ಲಾ? ಕೈಯಲ್ಲೇ. ಎಷ್ಟು ದಿನವಾಗಿ? ಬಸುರಿ ಅಂತ ಗೊತ್ತಾದಾಗಿನಿಂದ, ಮೂಟೆ ಹೊರೋದು ಬೇಡ ಅಂತ — ಮಲರ್‌ಕೊಡಿಯ ಮೂಗಿನ ರಾಗ ಹೋಯಿತು, ಬರೀ ದನಿ ಉಳಿಯಿತು, ರಕ್ತ ಎಳೆದಳು, ಹತ್ತಿಯನ್ನು ಟ್ರೇಯಲ್ಲಿ ಇಟ್ಟಳು, ಇದನ್ನ ಎಸೀಬೇಡ, ಈ ವಿಷ ಚರ್ಮದಿಂದ ಒಳಗೆ ಹೋದ್ರೂ ಸಕ್ರೆ ಏರುತ್ತೆ ಅಂತಾರೆ, ಡಾಕ್ಟರಮ್ಮನ್ನ ಕರೀತೀನಿ, ಹೋದಳು. ಆ ದನಿಯಲ್ಲಿ ಅನುಕರಿಸಲು ಏನೂ ಇರಲಿಲ್ಲ. ಅತ್ತೆಗೆ ಯಾವ ದನಿಯಲ್ಲಿ ಹೇಳುವುದು, ಡಾಕ್ಟರಮ್ಮನ ದನಿಯಲ್ಲಿ ಹೇಳಿದರೆ ನಂಬಿಯಾಳು, ಮಾದೇವನಿಗೆ, ಆ ನಾಲ್ಕು ಮಡಿಕೆಯ ಗೋಣಿಚೀಲಕ್ಕೆ — ಮಗು ಒದೆಯಿತು. ಬಲಗೈ ತಾನಾಗಿಯೇ ಹೊಟ್ಟೆಯ ಕಡೆ ಹೊರಟು ನಾಲ್ಕು ಬೆರಳು ದೂರದಲ್ಲಿ ನಿಂತಿತು, ಉಗುರುಗಳ ಸಂದಿಯಲ್ಲಿ ನೀಲಿ, ಮಗು ಮತ್ತೆ ಒದೆಯಿತು, ಕೈ ಇಳಿಯಲಿಲ್ಲ, ಹಿಂದಕ್ಕೂ ಬರಲಿಲ್ಲ, ಟ್ರೇಯಲ್ಲಿ ಹತ್ತಿ, ನೀಲಿ ಹತ್ತಿ, ಹತ್ತಿ