ಎಣ್ಣೆಯಲ್ಲಿ ನೀರು

ಪ್ರಹ್ಲಾದರಾಯರದು ಹಾಲಿನವಳ ತಂಬಿಗೆಯಲ್ಲೂ ಬೆರಳದ್ದಿ ನೋಡುವ ಸ್ವಭಾವ. 'ಅನುಮಾನಂ ಪೆದ್ದ ರೋಗಂ', ಅನುಮಾನವೇ ದೊಡ್ಡ ರೋಗ, ಎಂದು ರಾಯಚೂರಿನ ಜನ ಅವರ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಯುದ್ಧದ ಕಾಲ. ಅವರ ಹತ್ತಿ ಪ್ರೆಸ್ಸಿಗೆ ಬೇಕಾದ ಮಿಷನ್ ಎಣ್ಣೆ ಸಿಗುವುದೇ ದುರ್ಲಭವಾಗಿತ್ತು. ಆ ರೋಗ ಉಲ್ಬಣಿಸಲು ಅಷ್ಟು ಸಾಕಾಯಿತು.

ಪ್ರೆಸ್ಸು ನಡೆಯುವುದೇ ಎಣ್ಣೆಯ ಒತ್ತಡದಿಂದ. ಪಂಪು ಎಣ್ಣೆಯನ್ನು ತಳ್ಳಿದರೆ ಉಕ್ಕಿನ ಕಂಬ ಮೇಲೇರಿ, ದೇವದುರ್ಗದ ಕಡೆಯಿಂದ ಬಂದ ಅರಳೆಯನ್ನು ಗಟ್ಟಿ ಗಂಟಾಗಿ ಒತ್ತುತ್ತದೆ. ಎಣ್ಣೆಗೆ ನೀರೋ ಅರಳೆಯ ಎಳೆಯೋ ಸೇರಿದರೆ ಕಂಬ ನಡುವೆಯೇ ತಡವರಿಸುತ್ತದೆ. ಹಾಗಾಗದಂತೆ ಕಾಯುವ ಕೆಲಸ ಮಾನ್ವಿಯ ಖಾಜಾಮಿಯಾನದು. ಪ್ರತಿ ಶನಿವಾರ ಮಿಷನ್ ಶುರುವಾಗುವ ಮೊದಲು ಅವನು ಎಣ್ಣೆ ತುಂಬಿಡುವ ಟಾಕಿಯ ತಳದ ನಲ್ಲಿ ಬಿಚ್ಚಿ ಗಸಿ ಬಸಿಯುತ್ತಿದ್ದ. ಎಣ್ಣೆಯನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಮತ್ತೆ ತುಂಬುತ್ತಿದ್ದ.

ಒಂದು ಶನಿವಾರ ನಲ್ಲಿಯಿಂದ ಗಸಿಯ ಬದಲು ನೀರು ಸುರಿಯಿತು. ಖಾಜಾಮಿಯಾ ತಾನೇ ಹೋಗಿ ಹೇಳಿದ.

"ರಾಯರ, ಎಣ್ಣಿಯೊಳಗ ನೀರು ಬಂದದ. ಎಲ್ಲಿಂದ ಬಂತು, ತಿಳಿವಲ್ದು."

ಹೇಳದಿದ್ದರೆ ಬದುಕುತ್ತಿದ್ದನೇನೋ! ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡನಲ್ಲ ಎಂದುಕೊಂಡರು ರಾಯರು. ದೇವದುರ್ಗದಲ್ಲಿ ಇವನ ಭಾವಮೈದುನನದು ಎಣ್ಣೆ ಅಂಗಡಿ. ಇಲ್ಲಿಂದ ಎಣ್ಣೆ ಅಲ್ಲಿಗೆ ಹೋಗುತ್ತದೆ, ಅಳತೆ ಸರಿದೂಗಿಸಲು ನೀರು ಬೀಳುತ್ತದೆ, ಇನ್ನೇನು ಬೇಕು? ಅವತ್ತೇ ಟಾಕಿಯ ಮುಚ್ಚಳಕ್ಕೆ ಬೀಗ ಬಿತ್ತು. ಪ್ರೆಸ್ಸಿನ ಹಿಂದೆಯೇ ಅವರ ಮನೆ. ಕೀಲಿ ದೇವರ ಕೋಣೆಯ ಗೂಟಕ್ಕೆ ಹೋಯಿತು.

ಮುಂದಿನ ಶನಿವಾರ ರಾಯರು ಎದುರಿಗೇ ನಿಂತು ನಲ್ಲಿ ಬಿಚ್ಚಿಸಿದರು. ಮತ್ತೆ ನೀರು! ಬೇರೆಯವರಾಗಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದರು. ರಾಯರಿಗೆ ಮಾತ್ರ ಎಲ್ಲವೂ ಸ್ಪಷ್ಟವಾಯಿತು.

"ಕಳ್ಳ ಕೀಲಿ ಮಾಡಿಸೀ ಏನು?" ಎಂದು ಅಂಗಳದ ನಡುವೆ, ಹಮಾಲರು, ಗಾಡಿಯವರು, ಹತ್ತಿ ಆರಿಸುವ ಹೆಂಗಸರು ಎಲ್ಲ ಕೇಳುವಂತೆ ಒದರಿದರು. "ಉಂಡ ಮನಿ ಜಂತಿ ಎಣಸಾಂವ! ಬರೋ ಶುಕ್ರವಾರಕ್ಕ ನಿನ್ನ ಕೆಲಸ ಮುಗೀತು."

"ಅಲ್ಲಾನ ಆಣಿ ರಾಯರ..." ಎಂದ ಖಾಜಾಮಿಯಾ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಕಳ್ಳನೆನಿಸಿಕೊಂಡವನನ್ನು ಯಾವ ಪ್ರೆಸ್ಸಿನವರು ಒಳಗೆ ಬಿಟ್ಟುಕೊಂಡಾರು? ಮಾನ್ವಿಯಲ್ಲಿ ಯಾರಿಗೆ ಮುಖ ತೋರಿಸುವುದು?

ಗುರುವಾರ ಮಧ್ಯಾಹ್ನ ಆಳುಗಳೆಲ್ಲ ಊಟಕ್ಕೆ ಹೋದಾಗ ರಾಯರು ಬೀಗ ನೋಡಲು ಬಂದರು. ಮುಚ್ಚಳ ತೆರೆದಿತ್ತು. ಅವರ ತಾಯಿ ವೆಂಕೂಬಾಯಿ ಮಡಿಸೀರೆಯಲ್ಲಿ ನಿಂತು ತಾಮ್ರದ ತಂಬಿಗೆಯನ್ನು ಟಾಕಿಗೆ ಬಗ್ಗಿಸುತ್ತಿದ್ದರು.

"ಅವ್ವಾ! ಏನ್ ಮಾಡಾಕತ್ತೀ?"

"ಕೃಷ್ಣಾ ನದಿ ನೀರೋ. ಈ ಪರದೇಶದ ಎಣ್ಣಿಯೊಳಗ ದನದ ಕೊಬ್ಬು ಇರತದಂತ. ನೀ ಅದನ್ನ ಮುಟ್ಟಿ ಬಂದು ದೇವರ ಮುಂದ ಕೂಡ್ತೀ. ಅದಕ್ಕ ಗುರುವಾರಕ್ಕೊಮ್ಮಿ ಶುದ್ಧ ಮಾಡಾಕತ್ತೀನಿ. ಕೀಲಿ ದೇವರ ಕ್ವಾಣ್ಯಾಗ ಇಟ್ಟದ್ದು ಛಲೋ ಆತು ನೋಡು."

ರಾಯರು ನಾಚಿಕೆಯಿಂದ ಬೆವತುಹೋದರು.

ಊಟ ಮುಗಿಸಿ ಆಳುಗಳು ಬಂದರು. ರಾಯರು ಖಾಜಾಮಿಯಾನನ್ನು ಅರಳೆ ಚೀಲಗಳ ಮರೆಗೆ ಕರೆದು ಪಿಸುಗುಟ್ಟಿದರು. "ನಿಂದೇನೂ ತಪ್ಪಿಲ್ಲ. ಮಡಿ ಅಂತ ಅವ್ವನೇ ನೀರು ಹಾಕ್ಯಾಳ. ಕೆಲಸ ಬಿಡಬ್ಯಾಡ. ಇದು ನಮ್ಮಿಬ್ಬರೊಳಗ ಇರಲಿ."

"ಕಳ್ಳ ಅನ್ನೋದನ್ನ ಅಂಗಳದಾಗ ನಿಂತು ಅಂದ್ರಿ, ರಾಯರ," ಎಂದ ಖಾಜಾಮಿಯಾ. "ಅಲ್ಲ ಅನ್ನೋದನ್ನ ಕಿವ್ಯಾಗ ಹೇಳಾಕತ್ತೀರಿ. ಇದನ್ನೂ ಅಲ್ಲೇ ನಿಂತು ಹೇಳ್ರಿ. ಹೇಳಿದ್ರ ಶನಿವಾರ ಬಂದು ಎಣ್ಣಿ ಸೋಸ್ತೀನಿ."

ರಾಯರು ಅಂಗಳಕ್ಕೆ ಬಂದು ನಿಂತರು. ಎಲ್ಲರೂ ತಿರುಗಿ ನೋಡಿದರು. ಮನೆಯ ಬಾಗಿಲಲ್ಲಿ ವೆಂಕೂಬಾಯಿಯೂ ನಿಂತಿದ್ದರು. ರಾಯರು ಗಂಟಲು ಸರಿಮಾಡಿಕೊಂಡರು.

"ಏನ್ ನೋಡಾಕತ್ತೀರಿ? ಕೆಲಸಾ ಮಾಡ್ರಿ," ಎಂದರು.

ಖಾಜಾಮಿಯಾ ಕೈಯೊರೆಸಿಕೊಂಡು, ಎಲ್ಲರ ಕಣ್ಣೆದುರೇ, ಕಳ್ಳನಾಗಿಯೇ ಮಾನ್ವಿಯ ದಾರಿ ಹಿಡಿದ.