ಸುರೇಖಾಳ ಇಳಿಯದ ತೂಕ

ಗಾಣದಿಂದ ಆಗಷ್ಟೇ ಇಳಿದ ಕುಸುಬಿ ಎಣ್ಣೆಗೆ ಒಂದು ವಾಸನೆ ಇರುತ್ತಿತ್ತು. ಬಿಸಿಲಿಗೆ ಕಾದ ಹುಲ್ಲು, ಹುರಿದ ಕಾಳು ಎರಡೂ ಸೇರಿದಂಥದ್ದು. ಕನ್ನೊಳ್ಳಿಯಲ್ಲಿ ನಾನು ಚಿಕ್ಕವಳಿದ್ದಾಗ ಆ ವಾಸನೆ ಓಣಿಗೆ ಬಂದರೆ ಸಾಕು, ಮಕ್ಕಳೆಲ್ಲ ರೊಟ್ಟಿ ಹಿಡಿದು ಗಾಣದ ಮನೆಗೆ ಓಡುತ್ತಿದ್ದೆವು. ಗಾಣದವರು ಯಾರ ರೊಟ್ಟಿಯನ್ನೂ ಎಣ್ಣೆ ಸವರದೆ ಕಳಿಸುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಮುದ್ದೇಬಿಹಾಳದ ಹೊಲದ ದಾರಿಯಲ್ಲಿ ನಡೆಯುವಾಗ ಆ ವಾಸನೆ ಎಲ್ಲಿಂದಲೋ ಬರುತ್ತಿತ್ತು. ಮಂಜಿನಲ್ಲಿ ಜೋಳದ ತೆನೆಗಳು ಬೆಳ್ಳಗೆ ತೇಲುತ್ತಿದ್ದವು. ನಾವು ನಡೆಯುತ್ತಿದ್ದೇವೋ, ದಾರಿಯೇ ನಮ್ಮ ಕೆಳಗೆ ಸರಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ನಾನು ಉಸಿರೆಳೆದುಕೊಂಡು ನಿಂತರೆ ಸುರೇಖಾ ಸೆರಗು ಜಗ್ಗುವಳು.

"ಮೂಸಬ್ಯಾಡ್ರಿ ಅಕ್ಕೋರ. ವಾಸನ್ಯಾಗೂ ಕ್ಯಾಲರಿ ಇರ್ತಾವು."

"ಹಂಗಿದ್ರ ನಾ ಇಷ್ಟ್ ವರ್ಷ ಮೂಸಿದ್ದು ಈ ಜನ್ಮದಾಗ ಕರಗಂಗಿಲ್ಲ ಬಿಡು."

ಸುರೇಖಾ ನಮ್ಮ ಪಕ್ಕದ ಮನೆಯ ಸಿದ್ದವ್ವನ ಸೊಸೆ. ಇಂಡಿ ಪಟ್ಟಣದಲ್ಲಿರುವ ಅವಳ ತಮ್ಮ ಶ್ರೀಶೈಲನ ಎರಡೂ ಕಿಡ್ನಿ ಕೆಟ್ಟಿವೆ. ಸುರೇಖಾಳದು ಅವನಿಗೆ ಹೊಂದುತ್ತದೆ, ಗಂಡನೂ ಒಪ್ಪಿದ್ದಾನೆ. ಆದರೆ ವಿಜಾಪುರದ ಡಾಕ್ಟರು, "ಇಷ್ಟು ತೂಕವಿಟ್ಟುಕೊಂಡು ನೀವು ಕಿಡ್ನಿ ಕೊಡುವಂತಿಲ್ಲ, ಯುಗಾದಿಯೊಳಗೆ ಇಳಿಸಿಕೊಂಡು ಬನ್ನಿ" ಎಂದು ಕಳಿಸಿದ್ದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು: ನಡೆದು ಕರಗಿಸಿದ್ದನ್ನೆಲ್ಲ ಮತ್ತೆ ತಿಂದು ತುಂಬಿಸಬೇಡಿ, ಹಾಗಂತ ಹಸಿದುಕೊಂಡೂ ನಡೆಯಬೇಡಿ.

ನಡೆದು ಎಷ್ಟು ಕ್ಯಾಲರಿ ಕರಗಿತೆಂದು ಅವಳ ಫೋನು ಹೇಳುತ್ತಿತ್ತು. ಎಷ್ಟು ತಿಂದಳೆಂದು ಅವಳು ಫೋನಿಗೆ ಹೇಳುತ್ತಿದ್ದಳು. ಎರಡೂ ಸರಿಯಾಗಿಯೇ ಇದ್ದವು. ಔಷಧಿ ಅಂಗಡಿಯ ತೂಕದ ಯಂತ್ರ ಮಾತ್ರ ಇದ್ದಲ್ಲೇ ನಿಂತಿತ್ತು. ಅವಳು ಮೊದಲು ರಾತ್ರಿಯ ರೊಟ್ಟಿ ಬಿಟ್ಟಳು, ಆಮೇಲೆ ಮಧ್ಯಾಹ್ನದ್ದನ್ನೂ ಬಿಟ್ಟು ಬರೀ ಬೇಳೆ, ಪಲ್ಯ ತಿನ್ನತೊಡಗಿದಳು. ನಡಿಗೆ ಉದ್ದವಾಯಿತು. ನನ್ನ ಮೊಣಕಾಲಿಗಾಗಿ ಅಲ್ಲಲ್ಲಿ ನಿಲ್ಲುತ್ತಿದ್ದಳು. ನನಗೆ ಬೇಸರವಾಗದಿರಲೆಂದು ತನ್ನ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದೆ ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ನಿಜವಾಗಿಯೂ ನಿಂತಳು. "ಅಕ್ಕೋರ, ಹೊಲ ತಿರಗಾಕತ್ತೈತ್ರಿ" ಎಂದು ಬದುವಿನ ಮೇಲೆ ಕುಸಿದಳು. ಮಂಜಿನೊಳಗಿಂದ ಕುರಿಗಳು ಬಂದವು, ಅವುಗಳ ಹಿಂದೆ ಕುರುಬ. ಅವನು ತನ್ನ ನೀರಿನ ಬಾಟಲಿ ನನ್ನ ಕೈಗಿಟ್ಟು, ನಾನು ಅವಳ ಮುಖ ತೊಳೆದು ಸೆರಗು ಸರಿಪಡಿಸುವವರೆಗೆ ಬೆನ್ನು ಮಾಡಿ ನಿಂತಿದ್ದ. ಕುರಿಗಳೂ ಸದ್ದಿಲ್ಲದೆ ಕಾದವು.

ಅವಳ ಮನೆಗೆ ಕರೆತಂದು ಮಲಗಿಸಿದೆ. ಸಕ್ಕರೆ ನೀರಿಗೆಂದು ಅಡಿಗೆಮನೆಗೆ ಹೋದರೆ, ಸಿದ್ದವ್ವ ಸೊಸೆಯ ಪಾಲಿನ ಬೇಳೆಯನ್ನು ಬೇರೆ ತೆಗೆದು ಅದರಲ್ಲಿ ಬೆಣ್ಣೆ ಕರಗಿಸುತ್ತಿದ್ದಳು. ನಿಂಬೆಹಣ್ಣಿನಷ್ಟು ದಪ್ಪ ಮುದ್ದೆ. ಆ ಮನೆಯಲ್ಲಿ ಸೊಸೆಗೆ ಅತ್ತೆಯೇ ಬಡಿಸುವುದು ರೂಢಿ. ಬಡಿಸಿದ್ದರಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ.

"ಏನಿದು ಸಿದ್ದವ್ವಾ?"

"ಬೆಣ್ಣಿರಿ."

"ಅದು ಕಾಣತೈತಿ. ಆಕಿ ಅಲ್ಲಿ ತೂಕ ಇಳಸಾಕ ಸಾಯಾಕತ್ತಾಳ."

"ಗೊತ್ತೈತ್ರಿ. ಅದಕ್ಕ ಹಾಕಾಕತ್ತೇನಿ." ಅವಳು ಸೌಟು ಬಿಡಲಿಲ್ಲ. "ತೂಕ ಇಳೀಲಿಲ್ಲಂದ್ರ ಡಾಕ್ಟರ್ ಆಕಿನ್ನ ಕೊಯ್ಯಂಗಿಲ್ಲ, ಹೌದಿಲ್ರಿ? ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು. ಅವನೂ ಒಬ್ಬಾಕಿ ಹಡದ ಮಗ. ಆದ್ರ ಇಕಿಗೇನಾರ ಆದ್ರ ನಾ ಯಾರ್ನ ಕರೀಲಿ ಅಕ್ಕೋರ?"

ನಾನು ಅವಳ ಪಕ್ಕ ಕೂತೆ. "ನೀ ಬೆಣ್ಣಿ ಹಾಕಿದಷ್ಟೂ ಆಕಿ ರೊಟ್ಟಿ ಬಿಡಾಕತ್ತಾಳ. ಇವತ್ತ ಬದುವಿನ ಮ್ಯಾಲ ಬಿದ್ಲು."

ಬಾಗಿಲಲ್ಲಿ ಸುರೇಖಾ ಗೋಡೆ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ ಅಂದುಕೊಂಡೆ.

"ನಾ ಫೋನಿಗೆ ಬರೇ ಬ್ಯಾಳಿ ಅಂತ ಹೇಳ್ತಿದ್ನಲ್ರೀ ಅತ್ತಿ," ಎಂದು ನಕ್ಕಳು, ನಗುತ್ತಲೇ ಅತ್ತಳು. "ನಿಮಗ ಹೆದರಿಕಿ ಇದ್ರ ನಂಜೋಡಿ ದವಾಖಾನಿಗೆ ಬರ್ರಿ. ಬೇಕಾದ್ದ ಕೇಳ್ರಿ. ಆದ್ರ ನನ್ನ ತಮ್ಮನ್ನ ಹಿಂಗ ನೋಡ್ಕೋತ ಕೂಡಾಕ ನನ್ನ ಕೈಲೆ ಆಗಂಗಿಲ್ಲ."

ಸಿದ್ದವ್ವ ಸೊಸೆಯ ಜೊತೆ ವಿಜಾಪುರಕ್ಕೆ ಹೋದಳು. ಡಾಕ್ಟರನ್ನು ಕೇಳಿದ್ದು ಒಂದೇ ಮಾತು: "ಇಕಿ ಎದ್ದು ಮನಿಗೆ ಬರ್ತಾಳೇನ್ರಿ?" ಅವರು ಸುಳ್ಳು ಭರವಸೆ ಕೊಡಲಿಲ್ಲ. ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು, ಆಗಬಹುದಾದ ತೊಂದರೆಗಳನ್ನೂ, ಬಹಳ ಮಂದಿ ಎದ್ದು ಬಂದು ಚೆನ್ನಾಗಿರುವುದನ್ನೂ ಅವಳಿಗೆ ತಿಳಿಯುವಂತೆ ನಿಧಾನವಾಗಿ ಹೇಳಿದರಂತೆ. ಬಸ್ಸಿನಲ್ಲಿ ವಾಪಸು ಬರುವಾಗ ಸಿದ್ದವ್ವ ದಾರಿಯುದ್ದಕ್ಕೂ ಸೊಸೆಯ ಕೈ ಹಿಡಿದುಕೊಂಡೇ ಇದ್ದಳಂತೆ.

ಮರುದಿನ ಬೆಳಿಗ್ಗೆ ಓಣಿಯ ಮನೆಗಳೆಲ್ಲ ಮಂಜಿನೊಳಗೆ ಇನ್ನೂ ನಿದ್ದೆಯಲ್ಲಿದ್ದವು. ನಾವು ಹೊರಡುವ ಹೊತ್ತಿಗೆ ಸಿದ್ದವ್ವ ಹೊರಗೆ ಬಂದಳು. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಸಣ್ಣ ಬುತ್ತಿ: ಬೆಣ್ಣೆ ಸವರದೆ ಮಡಿಚಿದ ಒಂದು ಬಿಸಿ ರೊಟ್ಟಿ, ಬೇಯಿಸಿದ ಮಡಕಿಕಾಳು, ಹೆಚ್ಚಿದ ಸವತಿಕಾಯಿ. ಅದನ್ನು ಸೊಸೆಯ ಎರಡೂ ಕೈಗಳೊಳಗೆ ಇಟ್ಟು ಒಳಗೆ ಹೋದಳು.